ಬೆಳಗಾಗುವ ತನಕ ಹುಕುಂ ಇಲ್ಲ

ಚಳಿಗಾಲ ಬಂತೆಂದರೆ ಬಾದಾಮಿಗೆ ಗುಡಿ ನೋಡುವವರಷ್ಟೇ ಅಲ್ಲ, ಬಂಡೆ ಹತ್ತುವವರೂ ಬರುತ್ತಾರೆ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಅಂಗೈಗೆ ಬಿಳಿ ಪುಡಿ ಬಳಿದುಕೊಂಡು, ಕೆಂಪು ಬಂಡೆಗೆ ಹಲ್ಲಿಯಂತೆ ಅಂಟಿಕೊಳ್ಳುವ ಆ ಪರದೇಶದ ಮಂದಿಗೆ ಕೆಳಗೆ ನಿಂತು ಹಗ್ಗ ಹಿಡಿಯುವವನೊಬ್ಬ ಬೇಕು. ಆ ಕೆಲಸದಲ್ಲಿ ನೀಲಪ್ಪನದು ಎತ್ತಿದ ಕೈ. ಮೇಲೆ ಹತ್ತಿದವನು ಜಾರಿದರೆ ಅವನು ಚೀರುವುದಕ್ಕಿಂತ ಮೊದಲೇ ನೀಲಪ್ಪನ ಕೈ ಹಗ್ಗವನ್ನು ಹಿಡಿದು ನಿಲ್ಲಿಸಿರುತ್ತಿತ್ತು. ‘ನೀಲ್’ ಇದ್ದರೆ ಭಯವಿಲ್ಲ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿ ಕಳಿಸುತ್ತಿದ್ದರು.

ಆ ಡಿಸೆಂಬರಿನಲ್ಲಿ ಬಂದವರ ಪೈಕಿ ಎಮಿಲ್ ಎಂಬವನಿದ್ದ. ಐವತ್ತು ದಾಟಿದ್ದರೂ ಗಟ್ಟಿ ಆಳು. ಯುರೋಪಿನ ಸಣ್ಣದೊಂದು ದೇಶದ ಮಾಜಿ ಕ್ಯಾಪ್ಟನ್. ನೀಲಪ್ಪನಿಗೆ ಅವನು ಮೊದಮೊದಲು ಹಿಡಿಸಿಯೂ ಬಿಟ್ಟಿದ್ದ. ಎಲ್ಲರಿಗೂ ಚಹಾ ಕೊಡಿಸುವವ, ನಡೆಯುವಾಗ ಹಗ್ಗದ ಅರ್ಧ ಭಾರ ತಾನೇ ಹೊರುವವ, ಖಾನಾವಳಿಯ ಮುದುಕಿಗೆ ಕೈಮುಗಿದು ರೊಟ್ಟಿ ಕೇಳುವವ.

ಒಂದು ಸಂಜೆ ಖಾನಾವಳಿಯಲ್ಲಿ ತಂಡದ ಹುಡುಗರು ಅವನನ್ನು ಸೈನ್ಯದ ಕತೆ ಹೇಳೆಂದು ಗಂಟುಬಿದ್ದರು. ಎಮಿಲ್ ಫೋನು ತೆಗೆದು ಚಿತ್ರ ತೋರಿಸಿದ. ಅಫ್ಘಾನಿಸ್ತಾನದ ಒಂದು ಬೋಳು ಬಯಲು, ಮರಳ ಚೀಲದ ಗೋಡೆ, ನಡುವೆ ನೀಲಿ ಬಣ್ಣದ ಕಬ್ಬಿಣದ ಬಾಗಿಲು. ಬಾಗಿಲ ಮೇಲೆ ಒಂಟಿ ಕಾಲಲ್ಲಿ ನಿಂತ ಬಿಳಿ ಕೊಕ್ಕರೆಯ ಚಿತ್ರ.

“ಇದು ನಮ್ಮ ಠಾಣೆ,” ಎಂದ ಎಮಿಲ್ ಇಂಗ್ಲಿಷಿನಲ್ಲಿ. “ರಸ್ತೆ ಕಾಯುವುದು ನಮ್ಮ ಕೆಲಸ. ಅಮೆರಿಕದ ಜೊತೆ ಐವತ್ತರ ಹತ್ತಿರ ದೇಶಗಳು ಸೇರಿ ಮಾಡಿದ ಯುದ್ಧ ಅದು. ನಮ್ಮದು ಸಣ್ಣ ದೇಶ, ಆದರೂ ನಮ್ಮ ಪಾಲನ್ನು ನಾವು ಹಾಕಿದೆವು. ಹೋದವರೆಲ್ಲ ಜೀವಂತ ಮರಳಿದೆವು. ಒಬ್ಬನೂ ಸಾಯಲಿಲ್ಲ.”

ಹುಡುಗರು ಚಪ್ಪಾಳೆ ತಟ್ಟಿದರು. ನೀಲಪ್ಪನ ಕೈಯೊಳಗಿನ ತುತ್ತು ಕೈಯಲ್ಲೇ ಉಳಿಯಿತು.

ಆ ಬಾಗಿಲನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಆದರೆ ಅದರ ಬಣ್ಣ ಗೊತ್ತಿತ್ತು, ಅದರ ಮೇಲಿನ ಹಕ್ಕಿ ಗೊತ್ತಿತ್ತು. ಹುನಗುಂದದ ಗೌಸಸಾಬ ಅದನ್ನು ಅವನಿಗೂ ಅವನು ವೈನಿ ಎಂದು ಕರೆಯುವ ಅತ್ತಿಗೆ ಸುನಂದಾಳಿಗೂ ಹೇಳಿದ್ದ. ಒಂದು ಸಲ ಅಲ್ಲ, ಅವರು ಕೇಳಿದಾಗಲೆಲ್ಲ.

ನೀಲಪ್ಪನ ಅಣ್ಣ ಶ್ರೀಶೈಲ ಇಳಕಲ್ಲಿನ ಗ್ರಾನೈಟ್ ಕಲ್ಲು ಹೊರುವ ಲಾರಿ ಓಡಿಸುತ್ತಿದ್ದವನು. ಜೊತೆಗಾರ ಗೌಸಸಾಬನ ಮಾತು ಕೇಳಿ ದುಬೈಗೆ ಹೋದ. ಅಲ್ಲಿಯ ಕಂಪನಿ ಇಬ್ಬರನ್ನೂ ಅಫ್ಘಾನಿಸ್ತಾನಕ್ಕೆ ಕಳಿಸಿತು, ಸೈನ್ಯಗಳಿಗೆ ಡೀಸೆಲ್ ಸಾಗಿಸಲಿಕ್ಕೆ. ಆ ಐವತ್ತು ದೇಶಗಳ ಬಾವುಟದ ಸಾಲಿನಲ್ಲಿ ಶ್ರೀಶೈಲನ ದೇಶದ ಬಾವುಟ ಇರಲಿಲ್ಲ. ಅವನು ಯಾರ ವೈರಿಯೂ ಅಲ್ಲ, ಯಾರ ಮಿತ್ರನೂ ಅಲ್ಲ. ಟ್ಯಾಂಕರಿನ ಡ್ರೈವರ್, ಅಷ್ಟೆ.

ಒಂದು ಸಂಜೆ ಆ ನೀಲಿ ಬಾಗಿಲಿನ ಠಾಣೆಗೇ ಡೀಸೆಲ್ ಒಯ್ಯುವಾಗ, ಬಾಗಿಲು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಮುಂದಿನ ಸೇತುವೆ ಸಿಡಿದು ಲಾರಿಗಳು ನಿಂತವು. ಗುಂಡು ಹಾರತೊಡಗಿದವು. ಗೌಸಸಾಬ ಒಂದು ಗಟಾರದೊಳಗೆ ಬಿದ್ದುಕೊಂಡ. ತೊಡೆಗೆ ಗುಂಡು ಬಿದ್ದ ಶ್ರೀಶೈಲ ಕಾಲೆಳೆಯುತ್ತ ಠಾಣೆಯ ಬಾಗಿಲಿಗೆ ಹೋಗಿ ಬಡಿದ. ಒಳಗೆ ದೀಪ ಉರಿಯುತ್ತಿದ್ದವು, ಗೋಪುರದ ಮೇಲೆ ಕಾವಲುಗಾರನಿದ್ದ. ಬಾಗಿಲು ತೆಗೆಯಲಿಲ್ಲ. ಬಡಿಯುವ ಸಪ್ಪಳ ಗೌಸಸಾಬನಿಗೆ ಗಟಾರದಲ್ಲಿ ಕೇಳುತ್ತಲೇ ಇತ್ತು. ಹೋಗ ಹೋಗುತ್ತ ಸಣ್ಣಗಾಗಿ ಒಂದು ಹೊತ್ತಿಗೆ ನಿಂತಿತು. ಬೆಳಗಾದ ಮೇಲೆ ಬಾಗಿಲು ತೆಗೆದ ಸೈನಿಕರು, ರಾತ್ರಿ ತೆಗೆಯಲು ಹುಕುಂ ಇರಲಿಲ್ಲ ಎಂದು ಗೌಸಸಾಬನಿಗೆ ಹೇಳಿ, ಹೆಣದ ಮೇಲೆ ಒಳ್ಳೆಯದೊಂದು ಕಂಬಳಿ ಹೊದಿಸಿದರು. ಕಂಪನಿಯವರು ‘ರಸ್ತೆ ಅಪಘಾತ’ ಎಂದರು.

ಮರುದಿನವೇ ನೀಲಪ್ಪ ಎಮಿಲ್‌ನಿಂದ ಆ ಚಿತ್ರ ಬೇಡಿ ತನ್ನ ಫೋನಿಗೆ ಹಾಕಿಸಿಕೊಂಡು ಹುನಗುಂದಕ್ಕೆ ಹೋದ. ಗೌಸಸಾಬ ಈಗ ಟೆಂಪೋ ಓಡಿಸುತ್ತಿದ್ದ. ಚಿತ್ರ ನೋಡುತ್ತಲೇ ಅವನು ಹಕ್ಕಿಯ ಮೇಲೆ ಬೆರಳಿಟ್ಟ.

“ಇದ ಅದು. ಈ ಹಕ್ಕಿನ ನೋಡಕೋತ ಬಿದ್ದಿದ್ದೆ ನಾ, ಇಡೀ ರಾತ್ರಿ. ಎಲ್ಲಿ ಸಿಕ್ಕತಿದು?”

“ಅದರ ಕ್ಯಾಪ್ಟನ್ ನನ್ನ ಹಗ್ಗಕ್ಕ ಜೋತುಬೀಳಾಕತ್ತಾನ.”

ಗೌಸಸಾಬ ತಲೆಯೆತ್ತಿ ನೋಡಿದ. “ನೀಲಪ್ಪಾ, ತಲಿ ಕೆಡಿಸ್ಕೋಬ್ಯಾಡ. ಜೈಲಿಗೆ ಹೋಗ್ತಿ.”

“ಕೆಡಿಸ್ಕೊಂಡಿಲ್ಲ,” ಎಂದ ನೀಲಪ್ಪ.

ಸುಳ್ಳು. ಅಂದಿನಿಂದ ಎಮಿಲ್ ಬಂಡೆಗೆ ಅಂಟಿಕೊಂಡಾಗಲೆಲ್ಲ ನೀಲಪ್ಪ ಅವನ ಬೆನ್ನನ್ನೇ ನೋಡುತ್ತಿದ್ದ. ಕೈ ಸಡಿಲಿಸಿದರೆ ಸಾಕು. ಎರಡು ಸಲ ಎಮಿಲ್ ಜಾರಿದ. ಎರಡೂ ಸಲ ನೀಲಪ್ಪನ ಕೈ ಅವನ ಮನಸ್ಸನ್ನು ಕೇಳದೆಯೇ ಹಗ್ಗ ಹಿಡಿಯಿತು. ತನ್ನ ಕೈಯ ಮೇಲೆ ಅವನಿಗೆ ಅಸಹ್ಯ ಹುಟ್ಟಿತು. ಆದರೆ ಮನಸ್ಸು ತಣ್ಣಗಾದಾಗ ಇನ್ನೊಂದು ಯೋಚನೆ ಬಂತು. ಬಿದ್ದು ಸತ್ತರೆ ಯಾಕೆ ಸತ್ತೆನೆಂದು ಆ ಮನುಷ್ಯನಿಗೆ ತಿಳಿಯುವುದೇ ಇಲ್ಲ. ಅಣ್ಣನಿಗೆ ಒಂದು ರಾತ್ರಿಯಿಡೀ ಗೊತ್ತಿತ್ತು.

ಊರಾಚೆ, ಕುರಿ ಕಾಯುವವರು ಬಿಟ್ಟರೆ ಯಾರೂ ಸುಳಿಯದ ಕಡೆ, ಒಂದು ಎತ್ತರದ ಬಂಡೆಯಿತ್ತು. ನಡುವೆ ಒಬ್ಬ ಮನುಷ್ಯ ಕಾಲು ಚಾಚಿ ಕೂರುವಷ್ಟು ಒಂದು ಕಟ್ಟೆ. ಅದರ ಮೇಲೆ ಚಾವಣಿಯಂತೆ ಚಾಚಿದ ಕಲ್ಲು, ಯಾರೂ ಹತ್ತಲಾರದ್ದು. ಕಟ್ಟೆಯ ಗೋಡೆಗೆ ಕಬ್ಬಿಣದ ಬಳೆ ಹೊಡೆದಿದ್ದರು. ಅಲ್ಲಿಗೆ ಮುಟ್ಟಿದವನು ಸೊಂಟದ ಪಟ್ಟಿಯ ತುಂಡು ದಾರವನ್ನು ಬಳೆಗೆ ಸಿಕ್ಕಿಸಿ, ಮೈಯಿಂದ ಹಗ್ಗ ಬಿಚ್ಚಿ, ಅದನ್ನು ಬಳೆಯೊಳಗೆ ತೂರಿಸಿ ಮತ್ತೆ ಕಟ್ಟಿಕೊಂಡು ಇಳಿಯಬೇಕು. ಆ ಒಂದು ಗಳಿಗೆ ಅವನಿಗೂ ಹಗ್ಗಕ್ಕೂ ಸಂಬಂಧವಿರುವುದಿಲ್ಲ.

“ಯಾರೂ ನೋಡದ ಜಾಗ ಒಂದಿದೆ, ನಾವಿಬ್ಬರೇ ಹೋಗೋಣ,” ಎಂದು ನೀಲಪ್ಪ ಕರೆದ. ಎಮಿಲ್ ಖುಷಿಯಿಂದ ಬಂದ. ಮಧ್ಯಾಹ್ನದ ಬಿಸಿಲಿನಲ್ಲಿ ಚೀಲ, ಫೋನು, ನೀರು ಎಲ್ಲವನ್ನೂ ಕೆಳಗಿಟ್ಟು ಹತ್ತಿದ. ಚೆನ್ನಾಗಿಯೇ ಹತ್ತಿದ. ಕಟ್ಟೆಗೆ ಮುಟ್ಟಿ, ಬಳೆಗೆ ಸಿಕ್ಕಿಸಿಕೊಂಡು, ಹಗ್ಗ ಬಿಚ್ಚಿದ.

ನೀಲಪ್ಪ ಒಂದೇ ಸಲ ಎಳೆದ. ಹಗ್ಗ ಸರ್ರನೆ ಇಳಿದು ಅವನ ಕಾಲ ಬಳಿ ಬಿತ್ತು.

“ನೀಲ್! ಹಗ್ಗ ಕೈಜಾರಿತು!” ಎಂದು ಮೇಲಿನಿಂದ ನಗುತ್ತ ಕೂಗಿದ ಎಮಿಲ್. “ನನ್ನದೇ ತಪ್ಪು! ಈಗೇನು ಮಾಡೋಣ?”

ನೀಲಪ್ಪ ಹಗ್ಗವನ್ನು ನಿಧಾನವಾಗಿ ಸುತ್ತಿಟ್ಟು, ಒಂದು ಕಲ್ಲಿನ ಮೇಲೆ ಕುಳಿತ.

“ಬಂಡೆ ಸುತ್ತಿ ಬಂದು ಮೇಲಿನಿಂದ ಹಗ್ಗ ಬಿಡಬಹುದು,” ಎಂದ ಇಂಗ್ಲಿಷಿನಲ್ಲಿ. “ಆದರೆ ನನಗೆ ಹುಕುಂ ಬಂದಿಲ್ಲ.”

“ಏನು?”

“ನಮ್ಮ ಮನೆಯಿಂದ ಹುಕುಂ ಬಂದಿಲ್ಲ. ಬೆಳಗಾಗುವ ತನಕ ಬರುವುದಿಲ್ಲ. ನಿನಗೂ ಬಂದಿರಲಿಲ್ಲವಲ್ಲ, ಆ ನೀಲಿ ಬಾಗಿಲು ತೆಗೆಯಲಿಕ್ಕೆ?”

ಮೇಲೆ ನಗು ನಿಂತಿತು. ಆಮೇಲೆ ಎಮಿಲ್ ಕಟ್ಟೆಯ ಅಂಚಿಗೆ ಬಂದು ಕೆಳಗೆ ಬಗ್ಗಿ ನೋಡಿದ.

“ನೀನು ಅವನಿಗೆ ಏನಾಗಬೇಕು?”

“ತಮ್ಮ.”

ಯಾವ ಅವನು ಎಂದು ಎಮಿಲ್ ಕೇಳಲಿಲ್ಲ. ಅದು ನೀಲಪ್ಪನ ಸಿಟ್ಟನ್ನು ಇಳಿಸಲಿಲ್ಲ, ಏರಿಸಿತು. ಇಷ್ಟು ವರ್ಷ ಈ ಮನುಷ್ಯ ಎಲ್ಲವನ್ನೂ ನೆನಪಿಟ್ಟುಕೊಂಡೇ ಖಾನಾವಳಿಯಲ್ಲಿ ಚಪ್ಪಾಳೆ ತಟ್ಟಿಸಿಕೊಂಡಿದ್ದ.

ನೀಲಪ್ಪ ಫೋನು ತೆಗೆದು ಇಳಕಲ್ಲಿಗೆ ಹಚ್ಚಿದ. ಸುನಂದಾ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಿರಣಿಯ ಗದ್ದಲದಲ್ಲಿ ಅವಳಿಗೆ ಮೊದಲು ಏನೂ ಕೇಳಿಸಲಿಲ್ಲ. ಕೇಳಿಸಿದ ಮೇಲೆ ಗಿರಣಿ ಬಂದ್ ಆದ ಸಪ್ಪಳ ಬಂತು.

“ಅವಾ ಖರೇನ ಅವನ ಏನು?”

“ಖರೇನ ಅವನ, ವೈನಿ. ಒಪ್ಪಿಕೊಂಡಾನ.”

“ಇಳಿಸಬ್ಯಾಡ. ನಾ ಬರ್ತೇನಿ,” ಎಂದಳು ಸುನಂದಾ.

ಅವಳನ್ನು ಕರೆತರಲು ಗೌಸಸಾಬ ಟೆಂಪೋ ತೆಗೆದುಕೊಂಡು ಹುನಗುಂದದಿಂದ ಹೊರಟ. ಬೈದುಕೊಳ್ಳುತ್ತಲೇ ಹೊರಟ, ಆದರೆ ಹೊರಟ.

ಅವರು ಬರುವ ತನಕ ಬಂಡೆಯ ಕೆಳಗೊಬ್ಬ, ಮೇಲೊಬ್ಬ. ಬಿಸಿಲು ಕಟ್ಟೆಯ ಮೇಲೆ ನೇರ ಬೀಳುತ್ತಿತ್ತು. ಎಮಿಲ್ ನೀರು ಕೇಳಿದ. ನೀಲಪ್ಪ ಅವನ ಬಾಟಲಿಯಿಂದಲೇ ಅವನಿಗೆ ಕಾಣುವಂತೆ ಕುಡಿದ. ಅದರಲ್ಲಿ ಅವನಿಗೆ ಸುಖವಿತ್ತು, ಸುಳ್ಳೇಕೆ ಹೇಳಬೇಕು.

“ಕೇಳುತ್ತೀಯಾ?” ಎಂದ ಎಮಿಲ್ ಕೊನೆಗೆ. “ನಾನು ರೇಡಿಯೋದಲ್ಲಿ ಕೇಳಿದ್ದೆ. ಮತ್ತೆ ಮತ್ತೆ ಕೇಳಿದೆ. ಕತ್ತಲಾದ ಮೇಲೆ ಬಾಗಿಲು ತೆಗೆಯಕೂಡದು, ಯಾರೂ ಹೊರಗೆ ಕಾಲಿಡಕೂಡದು ಎಂದು ನಮ್ಮ ರಾಜಧಾನಿಯ ಕಟ್ಟಪ್ಪಣೆ. ನಮ್ಮನ್ನು ಕಳಿಸುವುದಕ್ಕೇ ಸಂಸತ್ತಿನಲ್ಲಿ ಅರ್ಧ ಮಂದಿ ಬೇಡವೆಂದಿದ್ದರು. ಒಂದು ಶವಪೆಟ್ಟಿಗೆ ಬಂದರೂ ಸರಕಾರ ಬೀಳುತ್ತಿತ್ತು. ಹೊರಡುವ ಮುಂಚೆ ಮಂತ್ರಿ ನನ್ನ ಕೈ ಹಿಡಿದು ಹೇಳಿದ: ನಿಮ್ಮ ಕೆಲಸ ಯುದ್ಧ ಮಾಡುವುದಲ್ಲ, ಅಲ್ಲಿ ಇರುವುದು.”

“ಇದ್ದು ಏನು ಮಾಡಿದಿರಿ?”

“ಇದ್ದೆವು. ನಮ್ಮ ಬಾವುಟ ಇತ್ತು. ಇಷ್ಟು ದೇಶಗಳು ನಮ್ಮ ಜೊತೆಗಿವೆ ಎಂದು ಅಮೆರಿಕದವರು ಹೇಳುವಾಗ ಅದರಲ್ಲಿ ನಮ್ಮದೊಂದು ಸೇರುತ್ತಿತ್ತು. ರಸ್ತೆಯನ್ನು ಹಗಲು ಕಾದೆವು. ಹಗಲು ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.”

“ಅಷ್ಟಕ್ಕೇ ಅಷ್ಟು ದೂರ ಹೋದಿರಾ?”

“ನಮ್ಮ ಪಕ್ಕದಲ್ಲಿ ದೊಡ್ಡ ದೇಶವೊಂದಿದೆ, ನೀಲ್. ನಮ್ಮನ್ನು ಎಂದು ಬೇಕಾದರೂ ನುಂಗಬಹುದು. ಆ ದಿನ ಬಂದರೆ ಅಮೆರಿಕ ನಮ್ಮ ನೆರವಿಗೆ ಬರಲಿ ಎಂದು ಹೋದೆವು.”

ನೀಲಪ್ಪ ಎದ್ದು ನಿಂತ. ಇಂಗ್ಲಿಷು ಅವನ ಬಾಯಿಂದ ಹಾರಿಹೋಯಿತು.

“ಅಂದ್ರ ನಾಳೆ ನಿಮ್ಮ ಬಾಗಲಾ ಯಾರರ ಒಡದ್ರ ದೊಡ್ಡಾವ್ರು ಓಡಿಬರ್ಲಿ ಅಂತ, ಅವತ್ತ ನಮ್ಮಣ್ಣಗ ಬಾಗಲಾ ತಗೀಲಿಲ್ಲ! ಅವಾ ತಂದ ಡೀಸೆಲ್ಲಿಂದನ ನಿಮ್ಮ ದೀಪಾ ಉರೀತಿದ್ವಲ್ಲೋ!”

ಎಮಿಲ್‌ಗೆ ಭಾಷೆ ಗೊತ್ತಿರಲಿಲ್ಲ. ಆದರೆ ಅರ್ಥ ಕೇಳಲಿಲ್ಲ.

ಹೊತ್ತು ಇಳಿಯುವಾಗ ಸುನಂದಾ ಬಂದಳು. ಗಿರಣಿಯಿಂದ ಎದ್ದವಳು ಹಾಗೆಯೇ ಬಂದಿದ್ದಳು, ಕೂದಲಲ್ಲಿ, ಹುಬ್ಬಿನಲ್ಲಿ ಜೋಳದ ಹಿಟ್ಟು. ಗೌಸಸಾಬ ಟೆಂಪೋದ ಹತ್ತಿರವೇ ನಿಂತುಬಿಟ್ಟ, ಬಂಡೆಯ ಕಡೆ ನೋಡಲೊಲ್ಲ. ಅವಳು ಮಾತ್ರ ಕಲ್ಲು ಮುಳ್ಳು ತುಳಿಯುತ್ತ ಬಂಡೆಯ ಬುಡಕ್ಕೆ ಬಂದು, ಹಣೆಗೆ ಕೈ ಹಚ್ಚಿ ಮೇಲೆ ನೋಡಿದಳು. ಎಮಿಲ್ ಎದ್ದು ನಿಂತ.

“ಯಾರಿವಳು?” ಎಂದ.

“ಅವನ ಹೆಂಡತಿ.”

ಎಮಿಲ್ ಎರಡೂ ಕೈ ಎದೆಗೆ ಒತ್ತಿಕೊಂಡು ಏನೋ ಹೇಳತೊಡಗಿದ. ಸುನಂದಾ ಕೈಯೆತ್ತಿ ತಡೆದಳು.

“ಅವನ ಪುರಾಣ ನನಗ ಬ್ಯಾಡ. ಒಂದ ಮಾತು ಕೇಳವಗ. ಬಾಗಲದಾಗ ನಮ್ಮವ್ರು ಏನಂದ್ರು? ಏನರ ಅಂದಿರಬೇಕಲ್ಲ. ಗೌಸಣ್ಣಗ ದೂರಕ್ಕ ತಿಳೀಲಿಲ್ಲಂತ. ಇಂವಾ ಬಾಗಲದ ಹಿಂದನ ಇದ್ದ.”

ನೀಲಪ್ಪ ಕೇಳಿದ. ಎಮಿಲ್ ಕಣ್ಣು ಮುಚ್ಚಿ ನಿಂತ.

“ನಮಗೆ ಅರ್ಥವಾಗಲಿಲ್ಲ,” ಎಂದ. “ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ನನಗೆ ಈಗಲೂ ನೆನಪಿದೆ. ಯಾವ ಭಾಷೆಯೆಂದು ಅಂದು ಗೊತ್ತಿರಲಿಲ್ಲ.” ಆಮೇಲೆ ಒಂದೊಂದೇ ಅಕ್ಷರ ಹುಡುಕುತ್ತ, ಕನ್ನಡದ ಗಂಧವಿಲ್ಲದ ನಾಲಿಗೆಯಲ್ಲಿ ಹೇಳಿದ: “ಬಾ-ಗ-ಲಾ ತ-ಗೀ-ರಿ.”

ಸುನಂದಾಳ ಕೈ ಹಣೆಯಿಂದ ಇಳಿಯಿತು.

“ತಗೀರಿ ಅಂದ್ರಾ?” ಎಂದಳು ಸಣ್ಣ ದನಿಯಲ್ಲಿ. “ತಗೀಲೇ ಅಲ್ಲ? ತಗೀರಿ?”

“ಹೌದು ವೈನಿ.”

“ಲಾರಿ ಮ್ಯಾಲ ಕುಂತ್ರ ಬೈಗುಳಿಲ್ದ ಒಂದ ಮಾತು ಬರ್ತಿದ್ದಿಲ್ಲ ಅವ್ರ ಬಾಯಾಗ. ಸಾಯೂ ಹೊತ್ತಿನ್ಯಾಗ ಈ ಮಂದಿಗೆ ‘ರಿ’ ಹಚ್ಚಿ ಕೇಳ್ಯಾರ.” ಅವಳು ಅಳುತ್ತಾಳೆಂದು ನೀಲಪ್ಪ ಒಂದು ಹೆಜ್ಜೆ ಮುಂದಿಟ್ಟ. ಅವಳು ಅಳಲಿಲ್ಲ. “ಹಂಗ ಕೇಳಂತ್ಹೇಳವಗ. ಅದ ಮಾತಿನ್ಯಾಗ. ತನ್ನ ಜೀವಾ ಸಲುವಾಗಿ ಕೇಳ್ಲಿ.”

ನೀಲಪ್ಪ ಹೇಳದೆ ಮೇಲೆ ನೋಡಿದ. ಸೂರ್ಯ ಮುಳುಗುತ್ತಿದ್ದ, ಗಾಳಿ ತಣ್ಣಗಾಗುತ್ತಿತ್ತು. ಮೇಲೆ ನಿಂತವನು ತುಟಿ ಒಡೆದ ಮುದುಕನಂತೆ ಕಾಣುತ್ತಿದ್ದ. ಸಾಕು, ಇಳಿಸೋಣ ಎಂಬ ಮಾತು ನೀಲಪ್ಪನ ಗಂಟಲಿನ ತನಕ ಬಂದಿತ್ತು.

“ಹೇಳ್ತೀಯೋ ಇಲ್ಲೋ?”

ಹೇಳಿದ. ಎಮಿಲ್ ಅದೇ ಮಾತಿನಲ್ಲಿ ಬೇಡಿದ. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಮತ್ತೂ ಗಟ್ಟಿಯಾಗಿ. ಅವನ ಕೂಗು ಎದುರಿನ ಬಂಡೆಗೆ ಬಡಿದು ಮರಳಿ ಬಂತು. ಸುನಂದಾ ಕೊನೆಯ ತನಕ ನಿಂತು ಕೇಳಿದಳು. ಅವನು ಸುಮ್ಮನಾದ ಮೇಲೆ ಹೇಳಿದಳು:

“ಮುಂಜಾನಿ ತಗೀತೀವಂತ್ಹೇಳು.”

ನೀರಿನ ಬಾಟಲಿ, ಹಗ್ಗ, ಚೀಲ ಎಲ್ಲವನ್ನೂ ತಾನೇ ಎತ್ತಿಕೊಂಡು ಅವಳು ಟೆಂಪೋದ ಕಡೆ ನಡೆದಳು. ಹಿಂದೆ ತಿರುಗಿ ನೋಡಲಿಲ್ಲ. ನೀಲಪ್ಪ ನೋಡಿದ.

ಆ ರಾತ್ರಿ ನಿದ್ದೆ ಬರಲಾರದೆಂದು ಅವನು ತಿಳಿದಿದ್ದ. ಮಲಗಿದ್ದೇ ತಡ, ಗಾಢ ನಿದ್ದೆ ಬಂತು. ಅಣ್ಣ ಸತ್ತ ಮೇಲೆ ಅಂಥ ನಿದ್ದೆ ಅವನು ಕಂಡಿರಲಿಲ್ಲ.

ಎಬ್ಬಿಸಿದ್ದು ಪೊಲೀಸರು. ಎಮಿಲ್ ಮರಳದ್ದನ್ನು ಕಂಡ ತಂಡದ ಹುಡುಗರು ಠಾಣೆಗೆ ಹೋಗಿದ್ದರು. “ಎಲ್ಲಿ ಅದಾನಲೇ ಅಂವ?” ಎಂದು ಪೊಲೀಸ್ ಸಾಹೇಬ ಗದರಿಸಿದ. “ಬರ್ರಿ, ತೋರಸ್ತೇನಿ. ಇಳಿಸೂ ಹೊತ್ತಾತು,” ಎಂದ ನೀಲಪ್ಪ.

ಬಂಡೆಯ ಹಿಂದಿನಿಂದ ಸುತ್ತಿ ಹತ್ತಿ, ಮೇಲಿನಿಂದ ಹಗ್ಗ ಬಿಟ್ಟು, ಅವನೇ ಇಳಿದು ಎಮಿಲ್‌ನನ್ನು ಕಟ್ಟಿಕೊಂಡು ಕೆಳಗೆ ತಂದ. ಚಳಿಗೆ ಆ ಮನುಷ್ಯನ ದವಡೆ ಕೂಡುತ್ತಿರಲಿಲ್ಲ.

ಕೆಳಗೆ ನೀರು ಕುಡಿದು, ಕಂಬಳಿ ಹೊದ್ದ ಮೇಲೆ ಎಮಿಲ್ ಸಾಹೇಬನಿಗೆ ಹೇಳಿದ: “ಹಗ್ಗ ನನ್ನ ಕೈಯಿಂದಲೇ ಜಾರಿತು. ಇವನು ಸಹಾಯ ತರಲು ಹೋದ, ಕತ್ತಲಾಯಿತು. ಯಾರ ತಪ್ಪೂ ಇಲ್ಲ. ಅಪಘಾತ.”

ಸಾಹೇಬ ನಿಟ್ಟುಸಿರು ಬಿಟ್ಟ. ಪರದೇಶದವನ ಕೇಸು ಅವನಿಗೂ ಬೇಡವಾಗಿತ್ತು. ಆದರೆ ನೀಲಪ್ಪನ ಮುಖಕ್ಕೆ ರಕ್ತ ಏರಿತು. ಅಣ್ಣನ ಸಾವಿಗೂ ಅದೇ ಹೆಸರು ಕೊಟ್ಟಿದ್ದರು.

“ಸುಳ್ಳ ಐತ್ರಿ ಸಾಹೇಬ್ರ,” ಎಂದ. “ಅಪಘಾತ ಅಲ್ಲ. ನಾನ ಹಗ್ಗಾ ಎಳಕೊಂಡೆ. ಬೇಕಂತ ಬಿಟ್ಟಹ್ವಾದೆ. ಬರಕೋರಿ.”

“ಲೇ, ಸುಮ್ನಿರಲೇ! ಅಂವಾ ತಕರಾರಿಲ್ಲ ಅಂತಾನ.”

“ಅಂವಾ ಯಾಂವ್ರೀ ನನಗ ಮಾಫಿ ಕೊಡಾಕ? ನಾ ಅವಗ ಕೊಟ್ಟಿಲ್ಲ.” ನೀಲಪ್ಪ ತಂಡದ ಹುಡುಗರ ಕಡೆ ತಿರುಗಿ, ಅವರಿಗೆ ತಿಳಿಯುವ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದ. ಠಾಣೆ, ಟ್ಯಾಂಕರು, ಬಾಗಿಲು, ಬೆಳಗಿನ ಕಂಬಳಿ. “ಒಬ್ಬನೂ ಸಾಯಲಿಲ್ಲ ಎಂದನಲ್ಲ ನಿಮ್ಮ ಕ್ಯಾಪ್ಟನ್? ಸತ್ತವರನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.”

ಹುಡುಗರು ಎಮಿಲ್‌ನನ್ನು ನೋಡಿದರು. ಅವನು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ. ಒಬ್ಬ ಹುಡುಗಿ ಎದ್ದು ದೂರ ಹೋಗಿ ಕುಳಿತಳು.

ಕೇಸು ಆಗಲಿಲ್ಲ. ಎಮಿಲ್ ಅಂದೇ ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಹೊರಟುಹೋದ. ಹೋಗುವ ಮುಂಚೆ ನೀಲಪ್ಪನ ಮನೆಯ ಮುಂದೆ ಗಾಡಿ ನಿಲ್ಲಿಸಿದ್ದ. ನೀಲಪ್ಪ ಹೊರಗೆ ಬರಲಿಲ್ಲ. ಗಾಡಿ ಸ್ವಲ್ಪ ಹೊತ್ತು ನಿಂತು ಹೋಯಿತು.

ಬಂಡೆ ಹತ್ತುವವರು ಆಮೇಲೆ ಯಾರೂ ಅವನನ್ನು ಕರೆಯಲಿಲ್ಲ. ಅವನು ಹೇಳಿದ್ದು ಖರೆಯೆಂದು ನಂಬಿದವರೂ ಕರೆಯಲಿಲ್ಲ. ಅಂಥವನ ಕೈಗೆ ಜೀವ ಕೊಟ್ಟು ಯಾರು ಹತ್ತುತ್ತಾರೆ? ಅದು ನ್ಯಾಯವಾದದ್ದೇ ಎಂದು ಅವನಿಗೂ ಅನಿಸಿತು. ಗೌಸಸಾಬನ ಜೊತೆ ಟೆಂಪೋ ಓಡಿಸತೊಡಗಿದ. ಬಾಗಲಕೋಟೆಯಿಂದ ಸಿಮೆಂಟು, ಬೇವೂರಿನಿಂದ ಉಳ್ಳಾಗಡ್ಡಿ, ಸಿಕ್ಕಿದ್ದು.

ಒಂದು ದಿನ ಇಳಕಲ್ಲಿಗೆ ಹೋದಾಗ ಗಿರಣಿಗೆ ಹೋದ. ಬಂಡೆಯ ಮೇಲಿಂದ ಎಮಿಲ್ ಹೇಳಿದ ರಾಜಧಾನಿಯ, ಮಂತ್ರಿಯ ಮಾತನ್ನೂ ಅವನು ಊರು ಬಿಟ್ಟದ್ದನ್ನೂ ತಾನು ಎಲ್ಲರೆದುರು ಹೇಳಿದ್ದನ್ನೂ ವೈನಿಗೆ ಹೇಳಿದ. ಹೇಳಿದ ಮೇಲೆ ಎದೆ ಹಗುರಾಯಿತು. ತನ್ನೊಳಗೆ ಇಷ್ಟು ವರ್ಷ ಉರಿದದ್ದು ಆರಿತ್ತು. ಅವಳದೂ ಆರಿರಬೇಕು ಎಂದುಕೊಂಡ.

“ಇನ್ನರ ನಿಮ್ಮ ಮನಸ್ಸಿಗೆ ಸಮಾಧಾನಾತಿಲ್ರೀ ವೈನಿ?”

ಸುನಂದಾ ಹಿಟ್ಟು ತುಂಬಿದ ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಗಂಟು ಬಿಗಿದು, ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಅವನ ಮುಖ ನೋಡಿದಳು.

“ಅವಗ ಒಂದ ರಾತ್ರಿ,” ಎಂದಳು. “ಒಂದ ರಾತ್ರಿ ಸಾಲೂದಿಲ್ಲೋ, ನೀಲಪ್ಪ. ಹುಕುಂ ಕೊಟ್ಟ ಮಂತ್ರಿ ಯಾರಂತ ಕೇಳ್ಬೇಕಾಗಿತ್ತು ನೀ.”

ಹೊರಗೆ ಯಾರೋ ಜೋಳದ ಚೀಲ ಇಳಿಸಿದರು. ಅವಳು ಎದ್ದು ಹೋಗಿ ಗಿರಣಿ ಚಾಲೂ ಮಾಡಿದಳು. ಮುಂದೆ ಅವಳು ಆಡಿದ್ದು ಆ ಸಪ್ಪಳದಲ್ಲಿ ನೀಲಪ್ಪನಿಗೆ ಕೇಳಿಸಲಿಲ್ಲ.